ಎಡಗೈಯ ಪಾಳಿ

ಪೀರಪ್ಪ ಉಸ್ತಾದ ದರ್ಜಿಯ ಹಳೆಯ ಟೇಪನ್ನು ಚಂದ್ರಾಮನ ಬಲತೋಳಿಗೆ ಸುತ್ತಿ, "ಹದಿಮೂರು" ಅಂದ. ಎಡತೋಳಿಗೆ ಸುತ್ತಿದ. ಕನ್ನಡಕ ಏರಿಸಿ ಮತ್ತೊಮ್ಮೆ ಸುತ್ತಿದ.

"ಹನ್ನೆರಡೂ ಕಾಲು. ಇದೇನ್ಲೇ, ಒಂದು ತೋಳು ನಿಂದು, ಇನ್ನೊಂದು ಬೀಗರ ಮನಿಯಿಂದ ಇಸ್ಕೊಂಡು ಬಂದೀಯೇನು?"

ಶಹಾಬಾದಿನ ಆ ತಗಡಿನ ತಾಲೀಮಿನಲ್ಲಿ ಕಸರತ್ತು ಮಾಡುತ್ತಿದ್ದವರೆಲ್ಲ ನಕ್ಕರು. ಚಂದ್ರಾಮನೂ ನಕ್ಕ. ಆದರೆ ಕಣ್ಣು ಟೇಪಿನ ಮೇಲೇ ಇತ್ತು. ವಾಡಿಯಲ್ಲಿ ಹೊಸಬರ ದೇಹದಾರ್ಢ್ಯ ಸ್ಪರ್ಧೆಗೆ ಇನ್ನು ಮೂರೇ ತಿಂಗಳು. ಅರವತ್ತು ಕಿಲೋದೊಳಗಿನವರಲ್ಲಿ ಉಸ್ತಾದ ಕಳಿಸುವುದು ಒಬ್ಬನನ್ನೇ. ಆ ಒಬ್ಬ ತಾನಾಗಬೇಕೆಂದು ಚಂದ್ರಾಮ ಹಟ ತೊಟ್ಟಿದ್ದ.

"ಮೂರು ತಿಂಗಳದಾಗ ಎರಡೂ ಬರೋಬರ್ ಆದ್ರ ನಿನ್ನ ಹೆಸರು ಬರೀತೀನಿ," ಅಂದ ಉಸ್ತಾದ. "ಇಲ್ಲಂದ್ರ ಇಲ್ಲ. ಸೊಟ್ಟ ಮೈ ತಗೊಂಡು ವೇದಿಕಿ ಮ್ಯಾಲ ನಿಂತ್ರ ಮಂದಿ ನನಗ ನಗ್ತಾರ."

ಆರು ತಿಂಗಳ ಹಿಂದೆ ಚಂದ್ರಾಮ ಮೊದಲ ಸಲ ಬಂದಾಗಲೂ ಉಸ್ತಾದ ಹೀಗೇ ನಗಿಸಿದ್ದ. "ಕೈಕಾಲು ಕಟಗಿ, ಹೊಟ್ಟಿ ಮಾತ್ರ ಚಾದ ಕಿಟ್ಲಿ." ಸುಳ್ಳಲ್ಲ. ಪರಸಿ, ಅಂದರೆ ಹಾಸುಗಲ್ಲಿನ ಅಂಗಳದಲ್ಲಿ ಬೆಳಗಿನಿಂದ ಸಂಜೆತನಕ ಕಲ್ಲು ಹೊರುವವನಿಗೆ ಎಂಟು ಸಲ ಸಕ್ಕರೆ ಚಹಾ, ನಡುವೆ ಒಂದು ಪೊಟ್ಟಣ ಮಂಡಕ್ಕಿ ಭಜಿ. ಹಸಿವೆಗೆ ಅದೇ, ದಣಿವಿಗೂ ಅದೇ. ಹೊಟ್ಟೆ ಕರಗಿಸಲು ಚಂದ್ರಾಮ ಮೊದಲು ರಾತ್ರಿ ಊಟ ಬಿಟ್ಟ. ಹದಿನೈದು ದಿನಕ್ಕೆ ಎರಡು ಕಿಲೋ ಇಳಿದ, ಹೊಟ್ಟೆ ಅಲ್ಲೇ ಇತ್ತು, ತೋಳೇ ಕರಗಿತ್ತು.

"ಕಲ್ಲು ಹೊರೋವ ಉಪಾಸ ಬಿದ್ರ ಮೈ ತನ್ನ ಮಾಂಸಾನ ತಾನೇ ತಿಂತದ," ಎಂದು ಉಸ್ತಾದ ಬೈದಿದ್ದ. "ಸಕ್ರಿ ಬಿಡು, ಕರದದ್ದು ಬಿಡು. ಬ್ಯಾಳಿ, ತತ್ತಿ, ಮೀನ ತಿನ್ನು. ವಾರದಾಗ ಮೂರೇ ದಿನ ಇಲ್ಲಿ ಬಾ, ಉಳಿದ ದಿನ ಹೊತ್ತಿಗೆ ಸರಿಯಾಗಿ ಮಲಕೋ."

ಅವ್ವ ಮರೆಮ್ಮ ಗೊಣಗುತ್ತಲೇ ತೊಗರಿಬೇಳೆಯನ್ನು ಚಮಚೆ ನಿಲ್ಲುವಷ್ಟು ಗಟ್ಟಿ ಮಾಡಿದಳು. ಕಾಗಿಣಾ ಹೊಳೆಯ ಮೀನನ್ನು ಎಣ್ಣೆಗೆ ಬಿಡದೆ ಹಂಚಿನ ಮೇಲೆ ಸುಟ್ಟು, "ಇದೂ ಒಂದು ಊಟೇನೋ?" ಅಂದಳು. ಆದರೆ ಮೂರನೆಯ ತಿಂಗಳಿಗೆ ಪ್ಯಾಂಟು ಜಾರತೊಡಗಿತು, ಅಂಗಿಯ ತೋಳು ಬಿಗಿಯಿತು. ಆ ದಿನಗಳಲ್ಲಿ ಚಂದ್ರಾಮ ಅಂಗಡಿಯ ಗಾಜು ಕಂಡರೆ ಸಾಕು, ನಿಂತು ಮೊಣಕೈ ಮಡಚುತ್ತಿದ್ದ.

ಈಗ ಈ ಮುಕ್ಕಾಲು ಇಂಚು.

ಕಾರಣ ಪರಸಿಯಲ್ಲೇ ಇತ್ತು. ಹಾಸುಗಲ್ಲನ್ನು ಅಡ್ಡ ಹೊರುವುದಿಲ್ಲ. ನೆಟ್ಟಗೆ ನಿಲ್ಲಿಸಿ, ಆ ಕಡೆ ಒಬ್ಬ, ಈ ಕಡೆ ಒಬ್ಬ ನಿಂತು, ಕಲ್ಲಿನ ಕಡೆಯ ಒಂದೇ ಕೈಯಿಂದ ಎತ್ತಿ ಲಾರಿಗೆ ನಡೆಯಬೇಕು. ಒಬ್ಬನ ಬಲಗೈ, ಇನ್ನೊಬ್ಬನ ಎಡಗೈ. ಅಂಗಳದ ರೂಢಿಯಲ್ಲಿ ಒಮ್ಮೆ ಹಿಡಿದ ಮಗ್ಗುಲು ಸಾಯೋತನಕ ಅದೇ. ಸತ್ತರೆ ಮಗನಿಗೆ. ಚಂದ್ರಾಮನ ಅಪ್ಪ ಬಲಗೈಯವನು, ಅವನ ಜೋಡಿ ಭಾಗಣ್ಣ ಎಡಗೈಯವನು. ಅಪ್ಪ ತೀರಿದ ಮೂರನೆಯ ದಿನ ಚಂದ್ರಾಮ ಅಪ್ಪನ ಮಗ್ಗುಲಿಗೆ ನಿಂತಿದ್ದ. ತಾಲೀಮಿನಲ್ಲಿ ಎರಡು ಗಂಟೆ ಎಡಗೈ ಬೆಳೆಸಿದರೆ, ಹತ್ತು ಗಂಟೆ ಪರಸಿ ಬಲಗೈಯನ್ನೇ ದುಡಿಸುತ್ತಿತ್ತು. ಕಲ್ಲಿಗೆ ಎರಡೂ ಮುಖ ನುಣುಪು, ಹೊತ್ತವನು ಮಾತ್ರ ಸೊಟ್ಟ. ಯಾರ ಮನೆಯ ನ್ಯಾಯ ಇದು?

ಮರುದಿನ ಚಂದ್ರಾಮ ಕೇಳಿಯೇಬಿಟ್ಟ. "ಕಾಕಾ, ನಾವಿಬ್ಬರು ಮಗ್ಗಲು ಬದಲು ಮಾಡೂಣೇನು? ಒಂದಿನ ನೀ ಈ ಕಡಿ, ಒಂದಿನ ನಾ."

ಭಾಗಣ್ಣ ಬೀಡಿ ಕೆಳಗಿಟ್ಟ. "ತಲಿ ಕೆಟ್ಟದೇನು ನಿನಗ? ಇಪ್ಪತ್ತೆರಡು ವರ್ಷ ಆತು, ನಾ ಆ ಕಡಿ ನಿಂತಿಲ್ಲ. ನಿಮ್ಮಪ್ಪನೂ ಈ ಕಡಿ ಬಂದಿಲ್ಲ."

"ಅದಕ್ಕೇ ಅವ್ವ ಅಪ್ಪನ ಅಂಗಿ ಬಲತೋಳು ಎರಡು ಬೆರಳು ಜಾಸ್ತಿ ಮಡಚಿ ಹೊಲೀತಿದ್ಳು. ಭುಜ ಇಳದು ಇಳದು ಅಂಗಿ ತೋಳು ಮುಂಗೈ ದಾಟ್ತಿತ್ತು. ನಿಂದು ನೋಡ್ಕೋ."

ಭಾಗಣ್ಣ ಎರಡೂ ಕೈ ಮುಂದೆ ಚಾಚಿದ. ಅಂಗಿಯ ಎಡತೋಳು ಬೆರಳಗೆಣ್ಣಿಗೆ ಬಂದಿತ್ತು, ಬಲಗಡೆಯದು ಮಣಿಕಟ್ಟಿಗೆ ನಿಂತಿತ್ತು. ಎರಡನ್ನೂ ಜೋಡಿಸಿ ನೋಡಿದ.

"ನಾ ದರ್ಜಿಗಿ ಬೈತಿದ್ದೆ," ಅಂದ.

ಆಳುಗಳ ಮೇಲಿನ ಮುಕಾದಮ ಚೌಡೇಶನಿಗೆ ಸುದ್ದಿ ಮುಟ್ಟಲು ತಡವಾಗಲಿಲ್ಲ. "ಪೈಲ್ವಾನ್ಕಿ ನಿಮ್ಮ ಮನ್ಯಾಗ ಮಾಡ್ರಿ. ಒಂದು ಪರಸಿ ಒಡೀತಂದ್ರ ಇಬ್ಬರೂ ನಾಳಿಯಿಂದ ಬರಬ್ಯಾಡ್ರಿ."

"ಒಡದ್ರ ಹೇಳ್ರಿ," ಅಂದ ಭಾಗಣ್ಣ. ಅವನು ಆಗಲೇ ಬಲಗೈಯ ಮಗ್ಗುಲಿಗೆ ಹೋಗಿ ನಿಂತಿದ್ದ.

ಮೊದಲ ಪರಸಿ ಎದ್ದಾಗ ಚಂದ್ರಾಮನ ಎಡಗೈಗೆ ತನ್ನದೇ ಮೈ ಪರಕೀಯವೆನಿಸಿತು. ನಾಲ್ಕನೆಯ ಹೆಜ್ಜೆಗೆ ಕಲ್ಲು ವಾಲಿತು. ಅಂಗಳವೇ ನಿಂತು ನೋಡಿತು, ಪಾಲಿಶ್ ಮಷೀನಿನವನು ಸ್ವಿಚ್ ಆರಿಸಿದ. "ತಡಿ, ಓಡಬ್ಯಾಡ," ಅಂದ ಭಾಗಣ್ಣ ಹಲ್ಲು ಕಚ್ಚಿ. "ನನ್ನ ಉಸುರಿನ ಸಂಗಟ ಹೆಜ್ಜಿ ಹಾಕು." ಇಬ್ಬರ ಉಸಿರೂ ಒಂದಾಯಿತು. ಹೆಜ್ಜೆ ಒಂದಾಯಿತು. ಪರಸಿ ಲಾರಿಯ ಹಲಗೆಯ ಮೇಲೆ ಸದ್ದಿಲ್ಲದೆ ಕೂತಿತು.  ಚಂದ್ರಾಮನಿಗೆ ಕುಣಿಯಬೇಕೆನಿಸುವಷ್ಟು ಖುಷಿ.

ಎರಡು ವಾರದಲ್ಲಿ ಒಂದು ಕಲ್ಲಿಗೂ ಬಿರುಕು ಬೀಳಲಿಲ್ಲ. ಆದರೂ ಒಂದು ಸೋಮವಾರ ಚೌಡೇಶ ಅಡ್ಡ ನಿಂತ. "ಮಾಲಕರ ಕಣ್ಣಿಗೆ ಬಿದ್ದದ. ಹಳೇ ಮಗ್ಗಲಕ್ಕ ಹೋಗ್ರಿ."

"ಕಲ್ಲು ಹಳೇ ಜಾಗಕ್ಕೇ ಮುಟ್ತದಲ್ಲರಿ," ಅಂದ ಚಂದ್ರಾಮ. "ನಾವು ಯಾವ ಕೈಲೆ ಮುಟ್ಟಿಸಿದ್ರ ಮಾಲಕರಿಗೇನು? ಕಲ್ಲು ಅವರದು. ಕೈ ನಮ್ಮವು."

ಚೌಡೇಶ ಬಾಯಿ ತೆರೆಯುವಷ್ಟರಲ್ಲಿ ಬೆನ್ನ ಹಿಂದೆ ಚಪ್ಪಲಿಗಳು ಸರಿದ ಸದ್ದಾಯಿತು. ತಿರುಗಿ ನೋಡಿದ. ಉಳಿದ ಐದು ಜೋಡಿ ಹೊರೆಯಾಳುಗಳೂ ಮಗ್ಗುಲು ಬದಲಿಸಿ, ಪರಸಿಗೆ ಕೈ ಹಚ್ಚಿ ನಿಂತಿದ್ದರು. ಅವರಲ್ಲೊಬ್ಬ ಎಲೆಯಡಿಕೆ ಉಗುಳಿ, "ನಮ್ಮ ಅಂಗೀನೂ ಅಳದು ನೋಡಿವ್ರಿ," ಅಂದ. ಲಾರಿ ಹೊರಡುವ ಹೊತ್ತಾಗಿತ್ತು. ಚೌಡೇಶ ಗಡಿಯಾರ ನೋಡಿದ, ಲಾರಿ ನೋಡಿದ, ದಾರಿ ಬಿಟ್ಟ.

ಆಮೇಲಿನ ದಿನಗಳು ಓಡಿದವು. ಹೊಟ್ಟೆಯ ಮೇಲೆ ಸ್ನಾಯುವಿನ ಮೊದಲ ಗೆರೆ ಮೂಡಿದ ಬೆಳಿಗ್ಗೆ ಚಂದ್ರಾಮ ಅವ್ವನನ್ನು ಕರೆದು ತೋರಿಸಿದ. "ಎಲ್ಲಿ ಬಡಿಸ್ಕೊಂಡು ಬಂದ್ಯೋ?" ಅಂದಳು ಮರೆಮ್ಮ, ಅಂದು ಮುಖ ತಿರುಗಿಸಿ ನಕ್ಕಳು.

ಸ್ಪರ್ಧೆಗೆ ವಾರವಿರುವಾಗ ಉಸ್ತಾದ ಟೇಪು ತೆಗೆದ. ಅಂಗಳದ ಆಳುಗಳು ಧೂಳಿನ ಮೈಯಲ್ಲೇ ಬಂದು ತಾಲೀಮಿನ ಬಾಗಿಲು ತುಂಬಿದ್ದರು. ಬಲತೋಳು ಹದಿಮೂರೂ ಕಾಲು. ಎಡತೋಳಿಗೆ ಸುತ್ತುವಾಗ ಚಂದ್ರಾಮ ಉಸಿರು ಬಿಗಿಹಿಡಿದ.

"ಉಸುರು ಬಿಡ್ಲೇ, ಹೊಟ್ಟಿ ಅಲ್ಲ ಅಳಿಲಿಕತ್ತಿದ್ದು." ಉಸ್ತಾದ ಕನ್ನಡಕ ಏರಿಸಿ ಮತ್ತೊಮ್ಮೆ ಸುತ್ತಿದ. ಬಳಿಕ ಟೇಪಿನ ತುದಿಯನ್ನು ಚಂದ್ರಾಮನ ಬೆರಳಿಗೇ ಹಿಡಿಸಿ ಗೋಡೆಯ ಕರಿಹಲಗೆಯತ್ತ ನಡೆದು, ಸುಣ್ಣದ ಕಡ್ಡಿಯಿಂದ ಚಂದ್ರಾಮನ ಹೆಸರು ಬರೆದ. ಹದಿಮೂರೂ ಕಾಲಿಗೆ ಟೇಪು ಇನ್ನೂ ಎಡತೋಳನ್ನು ಕಚ್ಚಿಕೊಂಡಿತ್ತು.

ಬಾಗಿಲಲ್ಲಿ ಸಿಳ್ಳೆ ಎದ್ದಿತು. ಆ ಗದ್ದಲದಲ್ಲಿ ಭಾಗಣ್ಣ ಮಂದಿಯನ್ನು ಸರಿಸಿಕೊಂಡು ಒಳಬಂದು, ನಲವತ್ತೈದರ ವಯಸ್ಸಿನ ನಾಚಿಕೆಯಲ್ಲಿ ಅಂಗಿ ಬಿಚ್ಚಿ ಗೂಟಕ್ಕೆ ತಗುಲಿ ಹಾಕಿದ.

"ಉಸ್ತಾದ್ರ," ಅಂದ, ಎರಡೂ ತೋಳು ಚಾಚಿ. "ನಂದೂ ಒಂದಿಷ್ಟು ಅಳೀರಿ."