ಐದನೇ ಊರಿನ ನೀರು

ಕನ್ನಡಕದ ಅಂಗಡಿಯವನಿಗೆ ಇದ್ದದ್ದು ಒಂದೇ ಹುಚ್ಚು. ಮೂವತ್ತು ನಲವತ್ತು ವರ್ಷ ಹಳೆಯ ಕಂಪ್ಯೂಟರ್ ಆಟಗಳು. ಅದರಲ್ಲೂ ರಾಜ್ಯ ಕಟ್ಟುವ, ಸೈನ್ಯ ನಡೆಸುವ, ತಲೆ ಓಡಿಸಿ ಗೆಲ್ಲಬೇಕಾದ ಆಟಗಳು. ಅಂಥದೇ ಹುಚ್ಚಿನ ಎಂಟು ಜನರ ಗುಂಪೊಂದು ಅವನ ಮೊಬೈಲಿನಲ್ಲಿತ್ತು. ಪ್ರತಿ ಭಾನುವಾರ ಒಬ್ಬರು ಮೂರು ಸುಳಿವು ಕೊಡಬೇಕು, ಉಳಿದವರು ಆಟದ ಹೆಸರು ಹೇಳಬೇಕು. ಇವನು ಎರಡನೇ ಸುಳಿವಿಗೇ ಹೇಳಿಬಿಡುತ್ತಿದ್ದ. ಹಾಗಾಗಿ ಗುಂಪಿನಲ್ಲಿ ಅವನಿಗೆ ‘ಪಂಡಿತ’ ಎಂದೇ ಹೆಸರು ಬಿದ್ದಿತ್ತು.

ಕಣ್ಣಿನ ಆಪರೇಷನ್ ಮಾಡಿಸಿಕೊಂಡ ಅವನ ಅತ್ತೆ, ಮಗಳ ಮನೆಗೆ ಬಂದಿದ್ದರು. ನೀರು ಸರಬರಾಜು ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತರಾದವರು. ಓದಬಾರದು, ಬಗ್ಗಬಾರದು, ಟಿವಿ ನೋಡಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರಿಂದ, ಬೇಸರ ಕಳೆಯಲು ಅಳಿಯನ ಅಂಗಡಿಗೆ ಬಂದು ಕೂರುತ್ತಿದ್ದರು. ಒಂದು ಬೆಳಿಗ್ಗೆ ಅವನು ಫೋನಿನಲ್ಲಿ ತನ್ನ ಗೆಲುವು ಕೊಚ್ಚಿಕೊಳ್ಳುವುದನ್ನು ಕೇಳಿ, “ನಾನೊಂದು ಆಟ ಹೇಳ್ತೀನಿ, ಕಂಡುಹಿಡೀತೀರಾ?” ಎಂದರು.

“ನೀವು ಕಂಪ್ಯೂಟರ್ ಆಟ ಆಡಿದೀರಾ ಅತ್ತೆ?”

“ಯಾಕೆ, ಆಡಬಾರದಾ? ಆಫೀಸಿಗೆ ಮೊದಲ ಕಂಪ್ಯೂಟರ್ ಬಂದಾಗ, ಊಟದ ಹೊತ್ತಲ್ಲಿ ಎರಡು ವರ್ಷ ಆಡಿದೀನಿ. ಕಪ್ಪು ಪರದೆ, ಹಸಿರು ಗೆರೆ. ನಡುವೆ ಒಂದು ನದಿ. ಒಂದೊಂದೇ ಊರಿಗೆ ನೀರು ಮುಟ್ಟಿಸ್ತಾ ಹೋಗ್ಬೇಕು. ಎದುರಾಳಿ ಮೇಲ್ಗಡೆ ಅಣೆಕಟ್ಟು ಹಿಡ್ಕೊಂಡು ಕೂತಿರ್ತಾನೆ. ಐದನೇ ಊರಲ್ಲಿ ಯಾವಾಗ್ಲೂ ಸೋಲ್ತಿದ್ದೆ. ದಿನವಿಡೀ ನೀರಿನ ನಕ್ಷೆ ಬರೆಯೋಳು ನಾನು, ಒಂದು ಊರಿಗೆ ನೀರು ಹರಿಸೋಕೆ ಆಗ್ಲಿಲ್ವಲ್ಲ ಅಂತ ಈಗಲೂ ಚುಚ್ಚುತ್ತೆ.”

ಪಂಡಿತ ಸಂಜೆಯೊಳಗೆ ಮೂರು ಹೆಸರು ತಂದ. ಒಂದೊಂದೂ ಹೇಗಿರುತ್ತದೆಂದು ಬಾಯಲ್ಲೇ ಬಣ್ಣಿಸಿದ.

“ಕುದುರೆ ಇದೆಯಾ? ಹಾಗಿದ್ರೆ ಅದಲ್ಲ.”

“ಕೋಟೆ ಇತ್ತಾ ಅತ್ತೆ?”

“ಕೋಟೆ ಯಾಕೆ? ಪೈಪ್ ಇತ್ತು.”

ಗುಂಪಿನವರೆಲ್ಲ ತಲೆ ಕೆಡಿಸಿಕೊಂಡರು. ನಾಲ್ಕು ದಿನ ಕಳೆದರೂ ಹೆಸರು ಸಿಗಲಿಲ್ಲ. “ಏನ್ರೀ ಪಂಡಿತರೇ, ನಮ್ಮಮ್ಮನ ಮುಂದೆ ಮಣ್ಣು ಮುಕ್ಕಿದ್ರಾ?” ಎಂದು ಹೆಂಡತಿ ಊಟಕ್ಕೆ ಬಡಿಸುತ್ತಾ ಕಾಲೆಳೆದಳು.

ಐದನೇ ದಿನ ಕನ್ನಡಕಕ್ಕೆ ಗಾಜು ಕೂರಿಸುತ್ತಾ ಕೇಳಿದ: “ಸೋತಾಗ ಪರದೆ ಮೇಲೆ ಏನು ಬರ್ತಿತ್ತು ಅತ್ತೆ?”

“ಇವತ್ತಿಗೆ ಸಾಕು, ಸಾಹೇಬರು ಬರೋ ಹೊತ್ತಾಯ್ತು ಅಂತ.”

ಅವನು ಗಾಜನ್ನು ಕೆಳಗಿಟ್ಟ. “ನಿಮ್ಮ ಸಾಹೇಬರು ಬರೋ ಹೊತ್ತು ಆಟ ಮಾರೋ ಕಂಪನಿಗೆ ಹೇಗೆ ಗೊತ್ತು?”

ಅತ್ತೆ ಕುರ್ಚಿಯಲ್ಲಿ ನೆಟ್ಟಗಾದರು. “ಅಯ್ಯೋ, ನಮ್ಮ ಆಫೀಸಿನ ಪಂಪಿನ ಎಂಜಿನಿಯರು! ಆಟದ ಫ್ಲಾಪಿ ತಂದುಕೊಟ್ಟಿದ್ದು ಅವರೇ. ಎಲ್ಲೋ ಸಿಕ್ತು ಅಂದಿದ್ರು!”

ನಿವೃತ್ತರ ಸಂಘದಿಂದ ಎಂಜಿನಿಯರ ನಂಬರ್ ಸಿಕ್ಕಿತು. ಅಳಿಯ ಸ್ಪೀಕರ್ ಹಾಕಿ ಫೋನನ್ನು ಅತ್ತೆಯ ಮುಂದಿಟ್ಟ.

“ಹೌದಮ್ಮ, ಆ ಆಟ ನಾನೇ ಬರೆದದ್ದು,” ಎಂದಿತು ಆ ಕಡೆಯ ದನಿ. “ಚೆನ್ನಾಗಿಲ್ಲ ಅಂತ ನೀವು ನಕ್ಕುಬಿಟ್ರೆ ಅಂತ ಸುಳ್ಳು ಹೇಳಿದ್ದೆ.”

“ಅದಿರಲಿ. ಐದನೇ ಊರಿಗೆ ನೀರು ಕೊಡೋದು ಹೇಗೆ? ಅದನ್ನ ಹೇಳಿ ಮೊದಲು.”

ಎಂಜಿನಿಯರು ಎರಡು ಸಲ ಕೆಮ್ಮಿದರು. “ಕೊಡೋಕೆ ಆಗಲ್ಲ. ಆರನೇ ಊರು ನಾನು ಬರೆದೇ ಇರ್ಲಿಲ್ಲ. ನೀವು ಐದು ದಾಟಿದ್ರೆ ಮುಂದೆ ಏನು ತೋರಿಸ್ಲಿ? ಅದಕ್ಕೇ ಏನು ಮಾಡಿದ್ರೂ ಸೋಲೋ ಹಾಗೆ ಮಾಡಿಟ್ಟೆ. ನಾಳೆ ಬರೆಯೋಣ, ನಾಳಿದ್ದು ಬರೆಯೋಣ ಅನ್ನೋಷ್ಟರಲ್ಲಿ ವರ್ಗ ಆಗೋಯ್ತು.”

“ಇಷ್ಟು ವರ್ಷ ನನ್ನ ಬುದ್ಧೀನೇ ಮಂದ ಅಂದ್ಕೊಂಡಿದ್ನಲ್ರೀ!” ಎಂದು ಅತ್ತೆ ನಗಲು ಶುರುಮಾಡಿದರು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಅಳಿಯ ಗಾಬರಿಯಾಗಿ “ಅತ್ತೆ, ಕಣ್ಣು! ಕಣ್ಣು!” ಎಂದು ಕೂಗಿದ.

ಹಳೆಯ ಫ್ಲಾಪಿ ಎಂದೋ ಹಾಳಾಗಿತ್ತು. “ಮತ್ತೆ ಬರೀಲಾ? ಈಗ ಬಿಡುವಿದೆ,” ಎಂದರು ಎಂಜಿನಿಯರು.

“ಬರೀರಿ. ಆದ್ರೆ ಈ ಸಲ ನಕ್ಷೆ ನಂದು.”

ಪಂಡಿತ ಗುಂಪಿಗೆ ನಡೆದದ್ದನ್ನೆಲ್ಲ ಬರೆದ. ಮುಗಿದ ಕೂಡಲೇ ತಮಗೂ ಕಳಿಸಬೇಕೆಂದು ಎಲ್ಲರೂ ದುಂಬಾಲು ಬಿದ್ದರು.

ಓದಬಹುದು ಎಂದು ಡಾಕ್ಟರು ಹೇಳಿದ ದಿನವೇ ಅತ್ತೆ ದೊಡ್ಡ ಹಾಳೆ, ಪೆನ್ಸಿಲು ತರಿಸಿದರು. ನದಿ ಬಲಕ್ಕೆ ತಿರುಗಬೇಕು ಎಂದು ಎಂಜಿನಿಯರು ಫೋನಿನಲ್ಲಿ ಪಟ್ಟು ಹಿಡಿದರು. ಎಡಕ್ಕೇ ಎಂದು ಇವರೂ ಬಿಡಲಿಲ್ಲ. ಒಂದು ಗಂಟೆ ಜಗ್ಗಾಡಿದ ಮೇಲೆ ನದಿ ಎಡಕ್ಕೆ ತಿರುಗಿತು.