ಇಳಿದಿದೆ ಅಂದಿದ್ದು

"ಏರಿದೆಯೋ ಇಳಿದಿದೆಯೋ, ಅಷ್ಟು ಹೇಳು ಸಾಕು," ಅಂದಳು ಅಕ್ಕ ಫೋನಿನಲ್ಲಿ. ಅಕ್ಕ ಇದ್ದದ್ದು ಆಸ್ಪತ್ರೆಯ ಮೂರನೇ ಮಹಡಿಯ ಮಕ್ಕಳ ವಾರ್ಡಿನಲ್ಲಿ, ತಂಗಿ ಕೆಲಸಕ್ಕಿದ್ದದ್ದು ಕೆಳಗಿನ ರಕ್ತಪರೀಕ್ಷೆಯ ಕೋಣೆಯಲ್ಲಿ. ಕೈಯಲ್ಲಿ ಅಕ್ಕನ ಮಗಳದೇ ವರದಿ. ಸೋಡಿಯಂ ಇಳಿದಿತ್ತು, ಆಲ್ಬುಮಿನ್ ಎಂಬ ರಕ್ತದ ಪ್ರೋಟೀನು ಇನ್ನೂ ಇಳಿದಿತ್ತು.

"ಇಳಿದಿದೆ," ಅಂದಳು ತಂಗಿ.

"ಅಬ್ಬಾ, ಬದುಕಿದೆ!" ಅಂತ ಅಕ್ಕ ಫೋನಿಟ್ಟೇಬಿಟ್ಟಳು.

ಆ ಕೋಣೆಯ ಕಟ್ಟಳೆಯೇ ಹಾಗೆ. ಏರಿದೆ, ಇಳಿದಿದೆ ಅಂತ ಹೇಳಬಹುದು, ಒಳ್ಳೇದೋ ಕೆಟ್ಟದ್ದೋ ಹೇಳುವುದು ಡಾಕ್ಟರ ಕೆಲಸ. ಹದಿನಾಲ್ಕು ವರ್ಷದಲ್ಲಿ ಅವಳ ನಾಲಿಗೆ ಅದಕ್ಕೇ ಪಳಗಿಹೋಗಿತ್ತು. ಅಕ್ಕನಿಗಾದರೋ ಐದು ದಿನದಿಂದ ಏರುವುದೆಂದರೆ ಮಗಳ ಜ್ವರ, ಇಳಿಯುವುದೆಂದರೆ ದೇವರ ದಯೆ.

ನಾಲ್ಕು ವರ್ಷದ ಆ ಮಗುವಿಗೆ ಮನೆಯಲ್ಲೆಲ್ಲ ಪಿಟೀಲು ಅಂತಲೇ ಹೆಸರು. ಬೇಕಾದ್ದು ಸಿಗುವ ತನಕ ಸಣ್ಣ ದನಿಯಲ್ಲಿ ಕುಯ್ಯುತ್ತಲೇ ಇರುತ್ತಿದ್ದಳು. ಈಗ ಕಣ್ಣು ಕೆಂಪಾಗಿ, ತುಟಿ ಒಡೆದು, ಸದ್ದಿಲ್ಲದೆ ಅಮ್ಮನ ತೊಡೆಗೆ ಅಂಟಿಕೊಂಡಿದ್ದಳು. ಮೈಯೊಳಗಿನ ರಕ್ತನಾಳಗಳೇ ಉರಿದು ಊದಿಕೊಳ್ಳುವ ಕಾಯಿಲೆ. ತಡವಾದರೆ ಹೃದಯದ ನಾಳ ಉಬ್ಬಿ ಹಾಗೇ ಉಳಿಯಬಹುದು. ಸೋಡಿಯಂ, ಆಲ್ಬುಮಿನ್ ಎರಡೂ ಕುಸಿದ ಮಕ್ಕಳಿಗೆ ಮೊದಲ ಔಷಧಿಯೊಂದೇ ಸಾಲದೆ ಹೋಗುವ ಸಂಭವ ಹೆಚ್ಚು. ಇಷ್ಟೆಲ್ಲ ತಂಗಿಗೆ ಬಾಯಿಪಾಠವಾಗಿತ್ತು, ಅದೇ ಅವಳ ಸಂಕಟ.

ಮತ್ತೆ ಫೋನು ಮಾಡಬೇಕೆಂದು ಎತ್ತಿಕೊಂಡಳು, ಇಟ್ಟಳು. ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು. ಡಾಕ್ಟರು ಹೇಗೂ ಹೇಳ್ತಾರಲ್ಲ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೇಡಿಗಳು ಹೇಳಿಕೊಳ್ಳುವ ಸಮಾಧಾನ ಅದು, ಅವಳಿಗೂ ಗೊತ್ತಿತ್ತು.

ಇಪ್ಪತ್ತು ನಿಮಿಷಕ್ಕೆ ವಾರ್ಡಿನ ನರ್ಸೇ ಫೋನು ಮಾಡಿದಳು. "ನಿಮ್ಮಕ್ಕಂಗೆ ಸ್ವಲ್ಪ ಬಂದು ಹೇಳಿ. ಡಾಕ್ಟರು ಇನ್ನೊಂದು ಔಷಧಿ ಈಗ್ಲೇ ಸೇರಿಸ್ಬೇಕು ಅಂತಾರೆ, ಇವರು ಸಹಿನೇ ಹಾಕ್ತಿಲ್ಲ. ಎಲ್ಲಾ ಇಳಿದಿದೆ, ನನ್ನ ತಂಗೀನೇ ಹೇಳಿದಾಳೆ ಅಂತಾರೆ."

ಲಿಫ್ಟಿಗೂ ಕಾಯದೆ ಅವಳು ಮೆಟ್ಟಿಲು ಹತ್ತಿದಳು. ಅಕ್ಕ ಆಗಷ್ಟೇ ಮುಖ ತೊಳೆದು ತಲೆ ಬಾಚಿಕೊಂಡಿದ್ದಳು. ಮಗು ಮಂಚದ ಮೇಲೆ ಒಂದೇ ಮಲಗಿತ್ತು.

"ಅಕ್ಕಾ, ಇಳಿದಿದ್ದು ಜ್ವರ ಅಲ್ಲ. ಇಳೀಬಾರದ್ದು ಇಳಿದಿದೆ. ಸಹಿ ಹಾಕು."

"ಆಗ್ಲೇ ಯಾಕೆ ಹೇಳ್ಲಿಲ್ಲ?"

"ಹೆದರಿಕೆ ಆಯ್ತು. ನೀನು ಅಷ್ಟು ಖುಷಿಯಾಗಿದ್ದೆ."

ಅಕ್ಕ ಬಾಚಣಿಗೆ ಕೆಳಗಿಟ್ಟಳು. "ಐದು ದಿನದಲ್ಲಿ ಮೊದಲನೇ ಸಲ ಅವಳನ್ನ ತೊಡೆಯಿಂದ ಇಳಿಸಿದೆ," ಅಂದಳು. "ನಿನ್ನ ಮಾತು ನಂಬಿ." ಗೀಚಿದಂತೆ ಸಹಿ ಹಾಕಿ ಮಗುವನ್ನು ಬಾಚಿ ಎತ್ತಿಕೊಂಡಳು. ಆಮೇಲೆ ತಂಗಿಯ ಜೊತೆ ಎರಡು ದಿನ ಮಾತಾಡಲಿಲ್ಲ.

ಆ ಎರಡು ದಿನ ತಂಗಿಗೆ ಕೂತರೆ ಕೂರಲಾಗಲಿಲ್ಲ, ನಿಂತರೆ ನಿಲ್ಲಲಾಗಲಿಲ್ಲ. ಮೂರನೇ ದಿನ ಬೆಳಿಗ್ಗೆ ಹೊಸ ವರದಿ ಹಿಡಿದು ತಾನೇ ಮೇಲೆ ಹೋದಳು. ಸೋಡಿಯಂ ಏರಿತ್ತು, ಉರಿಯೂತದ ಅಂಕಿ ಅರ್ಧಕ್ಕಿಂತ ಕಡಿಮೆಯಾಗಿತ್ತು. ಹೃದಯದ ನಾಳಗಳನ್ನು ಎರಡು ವಾರ ಬಿಟ್ಟು ಮತ್ತೆ ನೋಡಬೇಕಿತ್ತು, ಅಲ್ಲಿಯವರೆಗೆ ಯಾರೂ ಮಾತು ಕೊಡುವಂತಿರಲಿಲ್ಲ.

"ಅಕ್ಕಾ, ಇದು ಒಳ್ಳೇದು," ಅಂದಳು. ಕಟ್ಟಳೆ ಹಾಳಾಗಿ ಹೋಗಲಿ. "ಪೂರ್ತಿ ಗೆದ್ವಿ ಅಂತಲ್ಲ. ಆದ್ರೆ ಒಳ್ಳೇದು."

ಅಕ್ಕ ಕಾಗದ ಮುಟ್ಟಲಿಲ್ಲ. ಮಗುವನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡು ತಂಗಿಯ ಮುಖವನ್ನೇ ನೋಡುತ್ತಿದ್ದಳು. ನಂಬಲೋ ಬೇಡವೋ ಅಂತ ತೀರ್ಮಾನವಾಗಿರಲಿಲ್ಲ.

ಅಷ್ಟರಲ್ಲಿ ಆ ಅಪ್ಪುಗೆಯೊಳಗಿಂದ, ವಾರದಿಂದ ಯಾರೂ ಕೇಳದಿದ್ದ ಪಿಟೀಲು ಶುರುವಾಯಿತು.

"ಅಮ್ಮಾ... ಇಳ್ಸೂ... ನನ್ನ ಕೆಳಗೆ ಇಳ್ಸೂ..."