ಬೆಗಾಯಿಮ್‌ಳ ತೆರೆದ ಪಾಠ

ನಮ್ಮ ವಿಭಾಗದಲ್ಲಿ ಹೊಸಬರಿಗೆ ಬೆಂಬಲ ಕೊಡುವ ಪದ್ಧತಿಯೊಂದಿದೆ, ಅದರ ಮನೆ ಹಾಳಾಗ! ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಒಬ್ಬ ಹಿರಿಯರು ಮಾರ್ಗದರ್ಶಿ. ಮಣ್ಣಿನ ಶಾಸ್ತ್ರ ಕಲಿಸಲು ಬೆಟ್ಟದೂರು ನಾರಿನ್‌ನ ನಮ್ಮ ಕಾಲೇಜಿಗೆ ಬಂದ ಬೆಗಾಯಿಮ್‌ಗೆ ಗಂಟುಬಿದ್ದವಳು ನಾನು, ಗುಲ್ಬಾರ್ಚಿನ್.

ಅವಳಿಗೆ ಸಿಕ್ಕ ಬೆಂಬಲ ಕೇಳಿ. ಕಿರಿಯಳೆಂದು ಎಲ್ಲರಿಗೂ ಚಹಾ ಬಗ್ಗಿಸುವವಳು ಅವಳು. ಹಾಸ್ಟೆಲಿನ ಕಾವಲು ಅವಳದು. ನೋರೂಜ್ ಹಬ್ಬಕ್ಕೆ ಅಂಗಳದಲ್ಲಿ ಗುಡಾರ ಕಟ್ಟಿಸಿ, ಹುಡುಗಿಯರಿಗೆ ಕುಣಿತ ಕಲಿಸಬೇಕಾದವಳೂ ಅವಳೇ. ಪಾಠ ತಯಾರಿ ಮಾಡಿಕೊಳ್ಳಲು ಪುರುಸೊತ್ತೆಲ್ಲಿ? ನಾನು ಜಗಳವಾಡಿ ಒಂದು ಕೆಲಸ ಬಿಡಿಸಿದರೆ ಮುಖ್ಯಸ್ಥ ತೊಕ್ತೊಸುನ್ ಇನ್ನೊಂದು ಹೊರಿಸುತ್ತಿದ್ದ. ಇಷ್ಟರ ಮೇಲೆ ಮಾರ್ಚಿನಲ್ಲಿ ತೆರೆದ ಪಾಠ. ಹಿಂದಿನ ಬೆಂಚಿನಲ್ಲಿ ಪರೀಕ್ಷಕರು ಕೂತು ನೋಡುತ್ತಾರೆ, ಆಮೇಲೆ ವಿಭಾಗದ ಸಭೆ ತೀರ್ಮಾನಿಸುತ್ತದೆ. ಅದರಲ್ಲಿ ಬಿದ್ದರೆ ಕೆಲಸ ಮುಂದುವರಿಯುವುದಿಲ್ಲ. ಅವಳು ರಾಜಧಾನಿ ಬಿಷ್ಕೆಕ್‌ಗೆ ಹೋಗಿ ಚಿಕ್ಕಮ್ಮನ ಅಂಗಡಿಯಲ್ಲಿ ಜಾಕೆಟ್ ಮಾರಿಕೊಂಡಿರಬೇಕು.

ತೆರೆದ ಪಾಠದ ಹಿಂದಿನ ದಿನ ತೊಕ್ತೊಸುನ್ ಮೀಸೆಯಡಿಯಲ್ಲೇ ನಗುತ್ತಾ ಬಂದ.

"ನಿನ್ನ ಹುಡುಗೀಗೆ ಒಂದು ಉಪಕಾರ ಮಾಡಿದೀನಿ ಕಣಮ್ಮ. ಅವಳ ತರಗತಿಯ ದಡ್ಡರನ್ನೆಲ್ಲ ಹಿಮ ತೆಗೆಯೋಕೆ ಕಳಿಸ್ತೀನಿ. ಅವರ ಜಾಗದಲ್ಲಿ ನನ್ನ ಮೂರನೇ ವರ್ಷದೋರು ಕೂರ್ತಾರೆ. ಎಲ್ಲರೂ ಕೈ ಎತ್ತಬೇಕು ಅಂದಿದೀನಿ. ಉತ್ತರ ಗೊತ್ತಿದ್ದೋರು ಬಲಗೈ, ಗೊತ್ತಿಲ್ದೋರು ಎಡಗೈ."

"ಬೈಕೆ," ದೊಡ್ಡಣ್ಣ ಎಂಬ ಮರ್ಯಾದೆಯಲ್ಲೇ ಕೇಳಿದೆ, "ಅವಳು ಪಾಠ ಮಾಡಬೇಕೋ, ನಾಟಕ ಆಡಿಸಬೇಕೋ?"

"ಆಹಾ! ನೀನು ಹೇಗೆ ಪಾಸಾದೆ? ನಾವೆಲ್ಲ ಹೇಗೆ ಪಾಸಾದ್ವಿ?"

ಮೈಯೆಲ್ಲ ಉರಿದುಹೋಯಿತು. ಉಗುಳುವಂತಿಲ್ಲ, ನುಂಗುವಂತಿಲ್ಲ. ನೇರವಾಗಿ ಬೆಗಾಯಿಮ್ ಹತ್ತಿರ ಹೋಗಿ ಎಲ್ಲ ಹೇಳಿದೆ.

"ನಾನೇನು ಮಾಡ್ಲಿ ಎಜೆ?" ಎಂದಳು. ದೊಡ್ಡಕ್ಕನನ್ನು ಕೇಳುವ ಹಾಗೆ ಕೇಳಿದಳು.

"ಬಾಯಿ ಮುಚ್ಕೊಂಡು ಪಾಸಾಗು. ಕೆಲಸ ಗಟ್ಟಿ ಆಗ್ಲಿ, ಆಮೇಲೆ ಇಬ್ರೂ ಸೇರಿ ಅವನ ಜೊತೆ ಜಗಳ ಆಡೋಣ."



ಮಾರನೇ ದಿನ ತರಗತಿ ತುಂಬ ಇಸ್ತ್ರಿ ಮಾಡಿದ ಅಂಗಿಗಳು. ಹಿಂದೆ ಪರೀಕ್ಷಕರು, ಅವರ ಪಕ್ಕ ತೊಕ್ತೊಸುನ್, ನಾನು. ಬೆಗಾಯಿಮ್ ಕೇಳಿದಳು: "ನೀರು ಹಾಯಿಸಿದಷ್ಟೂ ಕೆಲವು ಹೊಲ ಬೆಳ್ಳಗಾಗ್ತಾ ಹೋಗುತ್ತಲ್ಲ, ಯಾಕೆ?" ಕೈಗಳೆಲ್ಲ ಮೇಲೆದ್ದವು. ಬಲಗೈ ಎತ್ತಿದ ಹುಡುಗಿಯೊಬ್ಬಳು ಒಂದೇ ಉಸಿರಿಗೆ ಗಿಣಿಪಾಠ ಒಪ್ಪಿಸಿದಳು.

ಬೆಗಾಯಿಮ್ ಸೀಮೆಸುಣ್ಣ ಕೆಳಗಿಟ್ಟಳು. "ನಿಮಗೆಲ್ಲ ಗೊತ್ತಿದೆ. ನಿಮಗೆ ನಾನು ಕಲಿಸೋದು ಏನೂ ಇಲ್ಲ, ನೀವು ಹೋಗಿ" ಎಂದವಳೇ ಕಿಟಕಿ ತೆರೆದಳು. "ಏಯ್, ಸಲಿಕೆ ಬಿಸಾಕ್ರೋ! ಒಳಗೆ ಬನ್ನಿ!"

ತೊಕ್ತೊಸುನ್‌ನ ಮುಖ ಬೀಟ್‌ರೂಟ್ ಆಯಿತು. ಇವಳಿಗೆ ಎಷ್ಟು ಹೇಳಿದ್ದೆ ಅಯ್ಯೋ!

ಹಿಮ ಮೆತ್ತಿದ ಬೂಟುಗಳಲ್ಲಿ ಅವಳ ಮಕ್ಕಳು ಬಂದು ಕೂತರು. ಅದೇ ಪ್ರಶ್ನೆ. ಒಂದು ಕೈಯೂ ಏಳಲಿಲ್ಲ. ಆಮೇಲೆ ಕುರಿಗಾಹಿಯ ಮಗನೊಬ್ಬ, "ನಮ್ಮಜ್ಜ ಅದು ಯಾರದೋ ಕಣ್ಣು ತಾಗಿದ್ದು ಅಂತಾರೆ" ಎಂದ. ತರಗತಿ ಗೊಳ್ಳೆಂದಿತು. "ಕಣ್ಣಲ್ಲ ಕಣೋ ಪೆದ್ದ, ಉಪ್ಪು!" ಎಂದು ಒಬ್ಬಳು ಎದ್ದಳು. "ಉಪ್ಪು ಹಾಕಿದ್ಯಾರು ಹಾಗಾದ್ರೆ?" ಎಂದು ಅವನು. ಬೆಗಾಯಿಮ್ ಉತ್ತರ ಹೇಳಿಕೊಡಲೇ ಇಲ್ಲ, ಕೇಳುತ್ತಲೇ ಹೋದಳು. ನೆಲದೊಳಗಿನ ಉಪ್ಪನ್ನು ನೀರು ಮೇಲಕ್ಕೆ ತರುತ್ತದೆಂದು ಕೊನೆಗೆ ಆ ಹುಡುಗನೇ ಕಂಡುಕೊಂಡ. "ಅಂಥಾ ಹೊಲ ಸರಿಮಾಡೋದು ಹೆಂಗೆ ಹಾಗಾದ್ರೆ?" ಎಂದು ಅವನು ಕೇಳುವಷ್ಟರಲ್ಲಿ ಗಂಟೆ ಹೊಡೆಯಿತು. ನಾನು ಇಷ್ಟು ವರ್ಷ ಕೂತು ನೋಡಿದ ತೆರೆದ ಪಾಠಗಳಲ್ಲಿ ಒಬ್ಬ ವಿದ್ಯಾರ್ಥಿ ತಾನಾಗಿ ಪ್ರಶ್ನೆ ಕೇಳಿದ್ದು ಅದೇ ಮೊದಲು.

ಮಧ್ಯಾಹ್ನ ಸಭೆ ಸೇರಿತು. ವಿದ್ಯಾರ್ಥಿಗಳಿಗೆ ತಯಾರಿಯಿಲ್ಲ, ಶಿಸ್ತಿಲ್ಲ ಎಂದರು ಪರೀಕ್ಷಕರು. "ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ" ಎಂದು ತೊಕ್ತೊಸುನ್ ಹಲ್ಲು ಕಡಿದ. "ಇವಳನ್ನ ಮುಂದುವರಿಸೋದು ಬೇಡ. ಯಾರದ್ದಾದ್ರೂ ತಕರಾರಿದೆಯಾ?"

ವರ್ಷವಿಡೀ ಅವಳು ಬಗ್ಗಿಸಿದ ಚಹಾ ಕುಡಿದವರು ಮೇಜು ನೋಡುತ್ತಾ ಕೂತರು. ನಾನೊಬ್ಬಳೇ ಎದ್ದೆ. "ಅವಳು ಪಾಠ ಮಾಡಿದ್ಲು ಬೈಕೆ! ನಿಮ್ಮಲ್ಲಿ ಯಾರಿಗಾದ್ರೂ ಅದು ಬರುತ್ತಾ?"

"ಮಾರ್ಗದರ್ಶಿ ನೀನೇ ತಾನೆ? ಸರಿಯಾಗಿ ಕಲಿಸಬೇಕಿತ್ತು."

"ಕಲಿಸಿದ್ದೆ, ಬಾಯಿ ಮುಚ್ಕೊಂಡಿರು ಅಂತ. ಸದ್ಯ, ಅದನ್ನವಳು ಕಲೀಲಿಲ್ಲ."

ಯಾರೂ ನನ್ನ ಪರ ಕೈ ಎತ್ತಲಿಲ್ಲ. ಸಭೆ ಮುಗಿಯಿತು.

ಬೆಗಾಯಿಮ್ ಹೊರಗೆ ಗೋಡೆಗೊರಗಿ ನಿಂತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು. ಕಣ್ಣು ತುಂಬಿತು, ತೋಳಿನಿಂದ ಒರೆಸಿಕೊಂಡಳು.

"ವರ್ಷ ಮುಗಿಯೋ ಜೂನ್‌ವರೆಗೂ ಇರಬಹುದಲ್ವಾ ಎಜೆ?"

"ಹೂಂ ಕಣೇ."

"ಹಾಗಾದ್ರೆ ನಾಳೆ ಬೆಳಿಗ್ಗೆ ತರಗತಿ ನಂದೇ. ಆ ಹುಡುಗ ಕೇಳಿದ್ದಕ್ಕೆ ನಾನಿನ್ನೂ ಏನೂ ಹೇಳೇ ಇಲ್ಲ."